ರೈತ ಕುಟುಂಬದಲ್ಲಿ ಮಹಿಳೆಯ ಆರ್ಥಿಕ ಸಬಲೀಕರಣ: ದುಡಿಮೆ, ದಾಖಲೆ ಮತ್ತು ಆದಾಯದ ಹಕ್ಕು

ಪೀಠಿಕೆ

ಬಿತ್ತನೆ ಬೀಜದ ಆಯ್ಕೆ, ನಾಟಿ, ಕಳೆ ತೆಗೆಯುವಿಕೆ, ಕೊಯ್ಲು, ಒಕ್ಕಣೆ, ಕಾಳು ಹಸನು ಮಾಡುವಿಕೆ, ದಾಸ್ತಾನು, ಹೈನುರಾಸುಗಳ ಪಾಲನೆ ಮುಂತಾದ ಕೃಷಿಯ ಬಹುಪಾಲು ಕೆಲಸಗಳಲ್ಲಿ ಮಹಿಳೆಯರ ಶ್ರಮವಿದೆ. ನಮ್ಮ ದೇಶದ ಗ್ರಾಮೀಣ ಪ್ರದೇಶದಲ್ಲಿ ದುಡಿಯುವ ಪ್ರತಿ ನಾಲ್ವರು ಮಹಿಳೆಯರಲ್ಲಿ ಸುಮಾರು ಮೂವರು ಕೃಷಿಯನ್ನು ಅವಲಂಬಿಸಿದ್ದಾರೆ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಕೃಷಿ ಹಿಡುವಳಿದಾರರಲ್ಲಿ ಮಹಿಳೆಯರ ಪ್ರಮಾಣ ಶೇ. 13.96 ಮಾತ್ರ, ಅವರು ನಿರ್ವಹಿಸುವ ಭೂಮಿಯ ಪ್ರಮಾಣ ಶೇ. 11.72. ದುಡಿಮೆಯಲ್ಲಿ ಮುಂದಿರುವವರು ದಾಖಲೆಯಲ್ಲಿ ಹಿಂದಿದ್ದಾರೆ ಎಂಬುದನ್ನು ಈ ಅಂಕಿಗಳು ತಿಳಿಸುತ್ತವೆ.

ಈ ಅಂತರವು ಕೇವಲ ಗೌರವದ ಪ್ರಶ್ನೆಯಲ್ಲ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬೆಳೆ ಸಾಲ, ಬೆಳೆ ವಿಮೆ, ಬೆಳೆ ಪರಿಹಾರ, ಯಂತ್ರೋಪಕರಣಗಳ ಸಹಾಯಧನ ನೇರವಾಗಿ ದೊರೆಯುವುದು ಕಷ್ಟ. ಪತಿ ಅಕಾಲದಲ್ಲಿ ತೀರಿಕೊಂಡಾಗ, ಇಪ್ಪತ್ತು ವರ್ಷ ಅದೇ ಹೊಲದಲ್ಲಿ ದುಡಿದ ಪತ್ನಿಯು ತಾನು ರೈತಳೆಂದು ಕಚೇರಿಗಳಲ್ಲಿ ಸಾಬೀತುಪಡಿಸಬೇಕಾದ ಸ್ಥಿತಿ ಒದಗುತ್ತದೆ. ಆದ್ದರಿಂದ ಮಹಿಳೆಗೆ ಇನ್ನಷ್ಟು ಕೆಲಸ ಒದಗಿಸುವುದನ್ನೇ ಸಬಲೀಕರಣವೆಂದು ತಿಳಿಯಬಾರದು. ಆಕೆ ಈಗಾಗಲೇ ಮಾಡುತ್ತಿರುವ ಕೆಲಸದ ಫಲವು ಆಕೆಯ ಹೆಸರಿನಲ್ಲಿ, ಆಕೆಯ ಖಾತೆಗೆ, ಆಕೆಯ ನಿರ್ಧಾರಕ್ಕೆ ಸೇರುವಂತೆ ಮಾಡುವುದೇ ಮೊದಲ ಕೆಲಸ. ಅದಕ್ಕಾಗಿ ರೈತ ಕುಟುಂಬಗಳು ಹಾಗೂ ವಿಸ್ತರಣಾ ಕಾರ್ಯಕರ್ತರು ಅನುಸರಿಸಬಹುದಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸಬಲೀಕರಣವನ್ನು ಅಳೆಯುವ ಐದು ಮಾನದಂಡಗಳು

ಕೃಷಿಯಲ್ಲಿ ಮಹಿಳಾ ಸಬಲೀಕರಣವನ್ನು ಅಳೆಯಲು 2012ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಸೂಚ್ಯಂಕವೊಂದನ್ನು ರೂಪಿಸಲಾಯಿತು. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯು ಇತರ ಸಂಸ್ಥೆಗಳೊಡನೆ ಸಿದ್ಧಪಡಿಸಿದ ಈ ಸೂಚ್ಯಂಕದಲ್ಲಿ ಐದು ಕ್ಷೇತ್ರಗಳಿವೆ. ಇವುಗಳನ್ನು ನಮ್ಮ ಹಳ್ಳಿಗಳ ಸಂದರ್ಭಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು.

1. ಉತ್ಪಾದನೆ: ಯಾವ ಬೆಳೆ, ಯಾವ ತಳಿ, ಎಷ್ಟು ಗೊಬ್ಬರ ಎಂಬ ತೀರ್ಮಾನದಲ್ಲಿ ಮಹಿಳೆಯ ಮಾತಿಗೆ ಬೆಲೆ ಇದೆಯೇ?
2. ಸಂಪನ್ಮೂಲ: ಭೂಮಿ, ರಾಸು, ಉಪಕರಣ ಅಥವಾ ಸಾಲ ಆಕೆಯ ಹೆಸರಿನಲ್ಲಿದೆಯೇ? ಅದನ್ನು ಮಾರುವಾಗ ಆಕೆಯ ಒಪ್ಪಿಗೆ ಬೇಕೇ?
3. ಆದಾಯ: ಬಂದ ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂದು ನಿರ್ಧರಿಸುವವರು ಯಾರು?
4. ನಾಯಕತ್ವ: ಆಕೆ ಯಾವುದಾದರೂ ಸಂಘದ ಸಕ್ರಿಯ ಸದಸ್ಯೆಯೇ? ಸಭೆಯಲ್ಲಿ ಮಾತನಾಡುತ್ತಾಳೆಯೇ?
5. ಸಮಯ: ಮನೆಗೆಲಸವೂ ಸೇರಿದಂತೆ ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾಳೆ? ಮೂಲ ಸೂಚ್ಯಂಕದಲ್ಲಿ ದಿನಕ್ಕೆ 10.5 ಗಂಟೆಗಿಂತ ಹೆಚ್ಚಿನ ದುಡಿಮೆಯನ್ನು ಅತಿಯಾದ ಹೊರೆ ಎಂದು ಪರಿಗಣಿಸಲಾಗಿದೆ.

ಐದನೆಯ ಮಾನದಂಡವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಆದಾಯ ಹೆಚ್ಚಿಸುವ ಉದ್ದೇಶದಿಂದ ಆರಂಭಿಸಿದ ಉದ್ಯಮವು ಮಹಿಳೆಯ ದುಡಿಮೆಯನ್ನು ಹತ್ತರಿಂದ ಹದಿಮೂರು ಗಂಟೆಗೆ ಏರಿಸಿದರೆ, ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡಂತಾಗುತ್ತದೆ.

ಪಹಣಿಯಲ್ಲಿ ಹೆಸರು

ಮಗಳ ಹಕ್ಕು: ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವು ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಅದಕ್ಕಿಂತ ಮೊದಲು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ನೀಡಿತು. ಕೇಂದ್ರದ 2005ರ ತಿದ್ದುಪಡಿ (ಸೆಪ್ಟೆಂಬರ್ 9ರಿಂದ ಜಾರಿ) ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕಾನೂನುಬದ್ಧವಾಗಿ ಆಗಿರುವ ವಿಭಾಗಗಳಿಗೆ ಇದು ಅನ್ವಯಿಸುವುದಿಲ್ಲ. ಅನ್ಯ ಧರ್ಮೀಯರಿಗೆ ಅವರವರ ಉತ್ತರಾಧಿಕಾರ ಕಾನೂನುಗಳು ಅನ್ವಯಿಸುತ್ತವೆ.

ಕಾನೂನು ಹೀಗಿದ್ದರೂ, ಅರಿಶಿನ-ಕುಂಕುಮಕ್ಕೆಂದು ಅಲ್ಪ ಮೊತ್ತ ಅಥವಾ ಒಂದು ಸೀರೆ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಪದ್ಧತಿ ಹಲವೆಡೆ ಮುಂದುವರಿದಿದೆ. ತವರಿನ ಸಂಬಂಧ ಕೆಡಬಾರದೆಂಬ ಹೆಣ್ಣುಮಕ್ಕಳ ಭಾವನೆ ಸಹಜವಾದದ್ದು. ಹಕ್ಕನ್ನು ಬಿಟ್ಟುಕೊಡುವ ಸ್ವಾತಂತ್ರ್ಯವೂ ಅವರಿಗಿದೆ. ಆದರೆ ಏನನ್ನು ಬಿಡುತ್ತಿದ್ದೇವೆ, ಅದರ ಮೌಲ್ಯವೆಷ್ಟು ಎಂಬುದನ್ನು ಓದಿ ತಿಳಿದ ನಂತರವೇ ಸಹಿ ಮಾಡಬೇಕು. ನೋಂದಣಿಯಾದ ಬಿಡುಗಡೆ ಪತ್ರವನ್ನು ಮುಂದೆ ರದ್ದುಗೊಳಿಸುವುದು ಸುಲಭವಲ್ಲ.

ಪತ್ನಿಯ ಹೆಸರು: ಪತಿ ಬದುಕಿರುವಾಗ ಪತ್ನಿಗೆ ಆತನ ಜಮೀನಿನಲ್ಲಿ ತಾನಾಗಿಯೇ ಹೆಸರು ಬರುವುದಿಲ್ಲ. ದಾನಪತ್ರ ಅಥವಾ ಖರೀದಿಯ ಮೂಲಕ ಮಾತ್ರ ಬರುತ್ತದೆ. ಹೊಸದಾಗಿ ಜಮೀನು ಕೊಳ್ಳುವ ಕುಟುಂಬಗಳು ಅದನ್ನು ಪತ್ನಿಯ ಹೆಸರಿಗೆ ಅಥವಾ ಇಬ್ಬರ ಹೆಸರಿಗೆ ನೋಂದಾಯಿಸುವುದು ಅತ್ಯಂತ ಸರಳವಾದ ಮಾರ್ಗ. ಇರುವ ಜಮೀನಿನ ಒಂದು ಭಾಗವನ್ನು ವರ್ಗಾಯಿಸುವುದಾದರೆ 11-ಇ ನಕ್ಷೆ ಅಗತ್ಯ. ಪಿಎಂ-ಕಿಸಾನ್ ಯೋಜನೆಯಲ್ಲಿ ಪತಿ, ಪತ್ನಿ ಮತ್ತು ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬವೆಂದು ಪರಿಗಣಿತವಾಗಿದ್ದು, ಅರ್ಹತೆಗೆ 2019ರ ಫೆಬ್ರವರಿ 1ರ ಭೂ ದಾಖಲೆಯೇ ಆಧಾರ. ಆದ್ದರಿಂದ ಈಗಾಗಲೇ ಆ ಸೌಲಭ್ಯ ಪಡೆಯುತ್ತಿರುವವರು ವರ್ಗಾವಣೆಗೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.

ಪೌತಿ ಖಾತೆ: ಜಮೀನಿನ ಒಡೆಯರು ತೀರಿಕೊಂಡ ನಂತರ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದನ್ನು ಅನೇಕ ಕುಟುಂಬಗಳು ವರ್ಷಗಟ್ಟಲೆ ಮುಂದೂಡುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಇಲ್ಲದಿದ್ದರೆ ಮೃತನ ಪತ್ನಿ, ತಾಯಿ, ಮಗ ಮತ್ತು ಮಗಳು ಮೊದಲ ದರ್ಜೆಯ ವಾರಸುದಾರರು. ಖಾತೆ ಬದಲಾಗದಿದ್ದರೆ ಬೆಳೆ ಸಾಲದ ನವೀಕರಣ, ವಿಮೆ, ಬೆಳೆ ಪರಿಹಾರ ಎಲ್ಲವೂ ಮೃತರ ಹೆಸರಿನಲ್ಲಿಯೇ ಸಿಲುಕುತ್ತವೆ. ಇದರ ಪೆಟ್ಟು ಮೊದಲು ಬೀಳುವುದು ವಿಧವೆಯ ಮೇಲೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ ಮತ್ತು ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರುಗಳನ್ನು ಬಿಡದಂತೆ ಎಚ್ಚರ ವಹಿಸಬೇಕು.

ಪಹಣಿಯಲ್ಲಿ ಹೆಸರು ಬಂದ ಮೇಲೆ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ಸ್ವಂತ ರೈತ ಗುರುತಿನ ಸಂಖ್ಯೆಯನ್ನು (ಎಫ್‌ಐಡಿ) ಪಡೆಯುವುದು ಮುಖ್ಯ. ಈ ವಿಷಯಗಳಲ್ಲಿ ವ್ಯಾಜ್ಯ ಉಂಟಾದರೆ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಅಡಿಯಲ್ಲಿ ಎಲ್ಲ ಮಹಿಳೆಯರಿಗೂ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯವಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು.

ಸಮಯ ಮತ್ತು ಶ್ರಮದ ಲೆಕ್ಕ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸಿದರೆ, ಪುರುಷರು ವ್ಯಯಿಸುವುದು 88 ನಿಮಿಷ. ಸುಮಾರು ಐದು ಗಂಟೆಯ ಈ ಕೆಲಸದ ಮೇಲೆ ಹೊಲದ ಕೆಲಸವೂ ಸೇರುತ್ತದೆ. ಹೀಗಾಗಿ ಯಾವುದೇ ಹೊಸ ಉದ್ಯಮವನ್ನು ಆರಂಭಿಸುವ ಮುನ್ನ ಕುಟುಂಬದ ಎಲ್ಲರೂ ಒಂದು ವಾರ ಕಾಲ ತಮ್ಮ ದಿನದ ಕೆಲಸ ಹಾಗೂ ಅದಕ್ಕೆ ಹಿಡಿದ ಸಮಯವನ್ನು ಬರೆದಿಡುವುದು ಒಳ್ಳೆಯದು. ನೀರು ತರುವುದು, ಸೌದೆ ಹೊಂದಿಸುವುದು, ಮೇವು ಕೊಯ್ದು ತರುವುದು ಇತ್ಯಾದಿ ಯಾರ ಪಾಲಿಗೆ ಬಿದ್ದಿದೆ ಎಂಬುದು ಆ ಪಟ್ಟಿಯಿಂದ ತಾನಾಗಿಯೇ ತಿಳಿಯುತ್ತದೆ.

ಶ್ರಮ ತಗ್ಗಿಸುವ ಕೆಲವು ಸರಳ ಕ್ರಮಗಳು:

• ಬಾಗಿ ಕುರ್ಚಿಗೆಯಿಂದ ಕಳೆ ತೆಗೆಯುವ ಬದಲು, ಸಾಲು ಬಿತ್ತನೆ ಮಾಡಿ ನಿಂತು ನಡೆಸುವ ಸೈಕಲ್ ಎಡೆಕುಂಟೆ ಬಳಸುವುದು. ಭತ್ತದಲ್ಲಿ ಕೋನೋವೀಡರ್ ಬಳಸುವುದು.
• ಕೊಯ್ಲಿಗೆ ಹಗುರವಾದ, ಹಲ್ಲುಳ್ಳ ಸುಧಾರಿತ ಕುಡುಗೋಲು ಉಪಯೋಗಿಸುವುದು.
• ಕೈಯಿಂದ ಮೆಕ್ಕೆಜೋಳ ಬಿಡಿಸುವಾಗ ಬೆರಳುಗಳಿಗೆ ಗಾಯವಾಗುತ್ತದೆ. ಕೊಳವೆಯಾಕಾರದ ಚಿಕ್ಕ ಉಪಕರಣದಿಂದ ಗಂಟೆಗೆ ಸುಮಾರು 20ರಿಂದ 25 ಕಿ.ಗ್ರಾಂ ಕಾಳು ಬಿಡಿಸಬಹುದು.
• ಮನೆಯ ಹತ್ತಿರವೇ ನೇಪಿಯರ್ ಹುಲ್ಲು ಹಾಗೂ ಬದುವಿನಲ್ಲಿ ಮೇವಿನ ಮರಗಳನ್ನು ಬೆಳೆದು, ಮೇವು ಹೊರುವ ದೂರವನ್ನು ಕಡಿಮೆ ಮಾಡುವುದು.
• ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರನ್ನು ಕೀಟನಾಶಕ ಬೆರೆಸುವ, ಸಿಂಪಡಿಸುವ ಹಾಗೂ ಸಿಂಪಡಿಸಿದ ಬಟ್ಟೆ ಒಗೆಯುವ ಕೆಲಸದಿಂದ ದೂರವಿಡುವುದು.

ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಳೆನಾಶಕ ಮತ್ತು ಕಟಾವು ಯಂತ್ರಗಳು ಜಮೀನುಳ್ಳ ಮನೆಯ ಮಹಿಳೆಗೆ ಬಿಡುವು ನೀಡಿದರೂ, ಕೂಲಿಯನ್ನೇ ನಂಬಿದ ಭೂರಹಿತ ಮಹಿಳೆಯ ಕೆಲಸವನ್ನು ಕಸಿಯುತ್ತವೆ. ಯಂತ್ರ ಬಂದೊಡನೆ ಅದನ್ನು ನಡೆಸುವ ಕೆಲಸ ಪುರುಷರ ಪಾಲಾಗುವುದೂ ಸಾಮಾನ್ಯ. ಆದ್ದರಿಂದ ಯಂತ್ರ ನಡೆಸುವ ತರಬೇತಿಯನ್ನು ಮಹಿಳೆಯರಿಗೂ ನೀಡಬೇಕು. ಯಂತ್ರಗಳ ಬಾಡಿಗೆ ಕೇಂದ್ರಗಳನ್ನು ಮಹಿಳಾ ಒಕ್ಕೂಟಗಳಿಗೆ ವಹಿಸಬೇಕು. ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಕೇಂದ್ರ ಮಾರ್ಗಸೂಚಿಯಲ್ಲಿ ಇತರೆ ವರ್ಗದ ರೈತರಿಗೆ ಶೇ. 40 ಸಹಾಯಧನವಿರುವ ಉಪಕರಣಗಳಿಗೆ ಮಹಿಳೆಯರು ಶೇ. 50ರವರೆಗೆ ಪಡೆಯಲು ಅವಕಾಶವಿದೆ. ಪಹಣಿಯಲ್ಲಿ ಹೆಸರಿರುವುದರ ಪ್ರಯೋಜನ ಇಲ್ಲಿಯೂ ಕಾಣುತ್ತದೆ.

ಬೆಳೆ ಪದ್ಧತಿಯಲ್ಲಿ ಮಹಿಳೆಯ ಪಾಲು

ಬೆಳೆ ಆಯ್ಕೆಗೂ ಮಹಿಳೆಯ ಆದಾಯಕ್ಕೂ ನೇರ ಸಂಬಂಧವಿದೆ. ದಕ್ಷಿಣ ಕರ್ನಾಟಕದ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲುಗಳಾಗಿ ಬೆಳೆಯುವ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ; ಉತ್ತರ ಕರ್ನಾಟಕದ ಜೋಳದ ಹೊಲದ ಕಡಲೆ, ಕುಸುಬೆ, ಅಗಸೆ ಮತ್ತು ಬದುವಿನ ಪುಂಡಿಪಲ್ಯ: ಇವು ಅಡುಗೆಮನೆಗೆ ಬೇಕಾದಷ್ಟು ಒದಗಿಸಿ, ಮಿಕ್ಕದ್ದನ್ನು ಸಂತೆಯಲ್ಲಿ ಮಾರಿ ಮಹಿಳೆಯರು ಕೈಖರ್ಚಿಗೆ ಹಣ ಮಾಡಿಕೊಳ್ಳುತ್ತಿದ್ದ ಬೆಳೆಗಳು. ಇಡೀ ಹೊಲವು ಹತ್ತಿ ಅಥವಾ ಮೆಕ್ಕೆಜೋಳದಂತಹ ಒಂದೇ ವಾಣಿಜ್ಯ ಬೆಳೆಗೆ ತಿರುಗಿದಾಗ ಒಟ್ಟು ಆದಾಯ ಹೆಚ್ಚಿರಬಹುದು. ಆದರೆ ಆ ಹಣವು ಮಾರುಕಟ್ಟೆಯಿಂದ ಒಂದೇ ಬಾರಿಗೆ, ಸಾಮಾನ್ಯವಾಗಿ ಪುರುಷರ ಕೈಗೆ ಬರುತ್ತದೆ. ಬೇಳೆ, ಎಣ್ಣೆ, ಸೊಪ್ಪು ಅಂಗಡಿಯಿಂದ ಬರತೊಡಗುತ್ತವೆ.

ಅಕ್ಕಡಿಗೆ ಮರಳುವುದು ಹಿನ್ನಡೆಯಲ್ಲ. ಖುಷ್ಕಿ ಬೇಸಾಯದಲ್ಲಿ 8ರಿಂದ 10 ಸಾಲು ರಾಗಿಗೆ 2 ಸಾಲು ತೊಗರಿ ಹಾಕುವುದು ಶಿಫಾರಸಾದ ಪದ್ಧತಿ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. ದ್ವಿದಳ ಬೆಳೆಯ ಬೇರುಗಂಟುಗಳಿಂದ ಮಣ್ಣಿಗೂ ಸಾರಜನಕದ ಲಾಭವಿದೆ. ಅಕ್ಕಡಿ ಬೆಳೆಯ ಮಾರಾಟದ ಹಣವು ಮನೆಯೊಡತಿಯ ಖಾತೆಗೆ ಸೇರಬೇಕೆಂದು ಬಿತ್ತನೆಗೆ ಮೊದಲೇ ಕುಟುಂಬದಲ್ಲಿ ತೀರ್ಮಾನಿಸಿಕೊಳ್ಳಬೇಕು.

ಬೀಜ ಸಂರಕ್ಷಣೆ: ಬೀಜಕ್ಕೆ ಯೋಗ್ಯವಾದ ತೆನೆಯನ್ನು ಆರಿಸುವ ಜ್ಞಾನ ಮಹಿಳೆಯರಲ್ಲಿ ಪರಂಪರೆಯಿಂದ ಬಂದಿದೆ. ಇದಕ್ಕೆ ಕೆಲವು ವೈಜ್ಞಾನಿಕ ಕ್ರಮಗಳನ್ನು ಸೇರಿಸಿದರೆ ಅದೇ ಒಂದು ಉದ್ಯಮವಾಗಬಲ್ಲದು. ಏಕದಳ ಧಾನ್ಯದ ಬೀಜವನ್ನು ಶೇ. 12 ಹಾಗೂ ದ್ವಿದಳ ಧಾನ್ಯದ ಬೀಜವನ್ನು ಶೇ. 9ರಷ್ಟು ತೇವಾಂಶಕ್ಕೆ ಒಣಗಿಸಿ ಸಂಗ್ರಹಿಸಬೇಕು. ಬಿತ್ತನೆಗೆ ಮೊದಲು 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವುಗಳನ್ನು ಎಣಿಸಬೇಕು. ರಾಗಿ, ಜೋಳ ಮತ್ತು ತೊಗರಿಯಲ್ಲಿ ಕನಿಷ್ಠ 75 ಬೀಜಗಳು ಮೊಳೆತರೆ ಬಿತ್ತನೆಗೆ ಯೋಗ್ಯ.

ಕೈತೋಟ: ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಸೂಚಿಸಲಾಗಿದೆ. ಐದು ಜನರ ಕುಟುಂಬಕ್ಕೆ ಇದು ತಿಂಗಳಿಗೆ ಸುಮಾರು 60 ಕಿ.ಗ್ರಾಂ ಆಗುತ್ತದೆ. 250 ಚದರ ಮೀಟರ್ ಜಾಗದಲ್ಲಿ, ಬಚ್ಚಲಿನ ನೀರನ್ನೂ ಬಳಸಿಕೊಂಡು, ಇದರ ಬಹುಪಾಲನ್ನು ಬೆಳೆದುಕೊಳ್ಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ನುಗ್ಗೆ, ಹರಿವೆ, ಕರಿಬೇವು, ಪಪ್ಪಾಯಿ, ನಿಂಬೆ ಪ್ರತಿ ಹಿತ್ತಲಿನಲ್ಲಿಯೂ ಇರಲಿ. ಬೆಳೆದದ್ದನ್ನು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದಷ್ಟನ್ನು ಮಹಿಳೆ ಉಣ್ಣುವ ರೂಢಿ ಬದಲಾಗದಿದ್ದರೆ ಕೈತೋಟದ ಫಲ ಆಕೆಗೆ ದೊರೆಯದು.

ಹೈನುಗಾರಿಕೆ ಮತ್ತು ಹಿತ್ತಲ ಕೋಳಿ ಸಾಕಾಣಿಕೆ

ಹೈನುಗಾರಿಕೆಯಲ್ಲಿ ಹುಲ್ಲು ಹಾಕುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಹೆಚ್ಚಾಗಿ ಮಹಿಳೆಯರ ಕೆಲಸ. ಹಾಲಿನ ಬಟವಾಡೆ ಯಾರ ಖಾತೆಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಸಂಘದ ಸದಸ್ಯತ್ವ. ಹಾಲಿನ ಹಣವೂ, ರಾಜ್ಯ ಸರ್ಕಾರವು ಲೀಟರಿಗೆ ನೀಡುವ 5 ರೂ. ಪ್ರೋತ್ಸಾಹಧನವೂ ಸದಸ್ಯರ ಖಾತೆಗೇ ಜಮೆಯಾಗುತ್ತವೆ. ಆದ್ದರಿಂದ ರಾಸುಗಳನ್ನು ನೋಡಿಕೊಳ್ಳುವವರೇ ಸದಸ್ಯರಾಗುವುದು ನ್ಯಾಯ. ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘವಿರುವ ಊರುಗಳಲ್ಲಿ ಇದು ಸುಲಭ. ಇತರೆಡೆಗಳಲ್ಲಿ ಸದಸ್ಯತ್ವ ವರ್ಗಾವಣೆಗೆ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಬೇಕು. ರಾಸು ವಿಮೆಯನ್ನೂ ಆಕೆಯ ಹೆಸರಿನಲ್ಲಿಯೇ ಮಾಡಿಸಬೇಕು. ಪಶುಪಾಲನೆಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯ ವಿಸ್ತರಣೆಯಾಗಿರುವುದರಿಂದ ಭೂಮಿ ಇಲ್ಲದ ಮಹಿಳೆಯರೂ ದುಡಿಯುವ ಬಂಡವಾಳಕ್ಕೆ ಅರ್ಜಿ ಸಲ್ಲಿಸಬಹುದು.

ಅಲ್ಪ ಬಂಡವಾಳದ ಉದ್ಯಮಗಳಲ್ಲಿ ಹಿತ್ತಲ ಕೋಳಿ ಸಾಕಾಣಿಕೆ ಮೊದಲನೆಯದು. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಹೇಂಟೆಗಳು ಉತ್ತಮ ಪಾಲನೆಯಲ್ಲಿ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತವೆ. ಹತ್ತು ಹೇಂಟೆಗಳಿದ್ದರೆ ಮನೆಗೂ ಸಾಕಾಗಿ ಮಾರಾಟಕ್ಕೂ ಉಳಿಯುತ್ತದೆ. ಸುಧಾರಿತ ತಳಿಗಳಲ್ಲಿ ಕಾವು ಕೂರುವ ಗುಣ ಕಡಿಮೆಯಾದ್ದರಿಂದ ಮರಿ ಮಾಡಿಸಲು ಒಂದೆರಡು ನಾಟಿ ಹೇಂಟೆಗಳನ್ನು ಇಟ್ಟುಕೊಳ್ಳಬೇಕು. ಮೊದಲ ನಾಲ್ಕು ವಾರ ಮರಿಗಳಿಗೆ ಕೃತಕ ಕಾವು, ಕಾಲಕಾಲಕ್ಕೆ ಕೊಕ್ಕರೆ ರೋಗದ ಲಸಿಕೆ ಮತ್ತು ರಾತ್ರಿ ಭದ್ರವಾದ ಗೂಡು ಅತ್ಯಗತ್ಯ. ಲಸಿಕೆ ತಪ್ಪಿದರೆ ಇಡೀ ಹಿಂಡು ಒಂದೇ ವಾರದಲ್ಲಿ ನಾಶವಾಗಬಹುದು.

ಮೌಲ್ಯವರ್ಧನೆ: ಸ್ವಂತ ಕೂಲಿಯನ್ನು ಮರೆಯದಿರಿ

ರೊಟ್ಟಿ, ಹಪ್ಪಳ, ಶೇಂಗಾ ಚಟ್ನಿಪುಡಿ, ಸಿರಿಧಾನ್ಯದ ಹಿಟ್ಟು, ಉಪ್ಪಿನಕಾಯಿ ಇವುಗಳಿಗೆ ಬೇಡಿಕೆ ಇದೆ. ಆದರೆ ಬೆಲೆ ನಿಗದಿಪಡಿಸುವಾಗ ತಮ್ಮ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಸಾಮಾನ್ಯ ದೋಷ. ಮಾದರಿಗಾಗಿ 100 ಜೋಳದ ರೊಟ್ಟಿಯ ಲೆಕ್ಕವನ್ನು ನೋಡೋಣ. ದರಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

• ಜೋಳದ ಹಿಟ್ಟು 6 ಕಿ.ಗ್ರಾಂ, ಕಿಲೋಗೆ 50 ರೂ.ನಂತೆ: 300 ರೂ.
• ಉರುವಲು: 60 ರೂ.
• ಪ್ಯಾಕಿಂಗ್ ಮತ್ತು ಸಾಗಣೆ: 60 ರೂ.
• ಕೂಲಿ ಬಿಟ್ಟು ಒಟ್ಟು ಖರ್ಚು: 420 ರೂ.
• ಹಿಡಿಯುವ ಸಮಯ: 4 ಗಂಟೆ

ರೊಟ್ಟಿಯನ್ನು 5 ರೂ.ಗೆ ಮಾರಿದರೆ 500 ರೂ. ಬಂದು 80 ರೂ. ಉಳಿಯುತ್ತದೆ, ಅಂದರೆ ಗಂಟೆಗೆ 20 ರೂ. ಊರಿನಲ್ಲಿ ಎಂಟು ಗಂಟೆಯ ಕೂಲಿ 350 ರೂ. ಇದ್ದರೆ ಗಂಟೆಗೆ ಸುಮಾರು 44 ರೂ. ಆಗುತ್ತದೆ. ಉದ್ಯಮದಲ್ಲಿ ಲಾಭವಿದೆ ಎಂದು ತೋರಿದರೂ ಆಕೆಗೆ ಕೂಲಿಯ ಅರ್ಧವೂ ಗಿಟ್ಟಲಿಲ್ಲ. 6 ರೂ.ಗೆ ಮಾರಿದರೆ ಗಂಟೆಗೆ 45 ರೂ. ಸಿಕ್ಕಿ ಕೂಲಿ ಮಾತ್ರ ಹುಟ್ಟುತ್ತದೆ. ನಿಜವಾದ ಲಾಭ ಆರಂಭವಾಗುವುದು ಅದಕ್ಕಿಂತ ಮೇಲೆ. ಬೆಲೆ ಏರಿಸಲು ಸಾಧ್ಯವಿಲ್ಲದಿದ್ದರೆ ಸಗಟು ಜೋಳ ಖರೀದಿ, ರೊಟ್ಟಿ ಯಂತ್ರ ಅಥವಾ ನೇರ ಮಾರಾಟದ ಮೂಲಕ ಖರ್ಚು ಇಲ್ಲವೇ ಸಮಯವನ್ನು ತಗ್ಗಿಸಬೇಕು. ಈ ಲೆಕ್ಕ ಮಾಡದೆ ಸಾಲ ತೆಗೆದು ಯಂತ್ರ ಕೊಳ್ಳಬಾರದು.

ಮಾರಾಟಕ್ಕಾಗಿ ತಯಾರಿಸುವ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚಕ್ಕೆ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಕೇಂದ್ರ ಯೋಜನೆಯ ಸಹಾಯಧನವಿದ್ದು, ರಾಜ್ಯವು ಹೆಚ್ಚುವರಿ ನೆರವು ನೀಡುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂ.ವರೆಗೆ ಆರಂಭಿಕ ಬಂಡವಾಳವೂ ಈ ಯೋಜನೆಯಲ್ಲಿದೆ. ಅರ್ಜಿಗೆ ಮೊದಲು ಪ್ರಸ್ತುತ ಮಾರ್ಗಸೂಚಿಯನ್ನು ಖಚಿತಪಡಿಸಿಕೊಳ್ಳಬೇಕು.

ಸಂಘಟನೆ ಮತ್ತು ಸಾಲ

ಸ್ವಸಹಾಯ ಸಂಘಗಳ ವಿಷಯದಲ್ಲಿ ಕರ್ನಾಟಕಕ್ಕೆ ದೀರ್ಘ ಅನುಭವವಿದೆ. 1992ರಲ್ಲಿ ನಬಾರ್ಡ್ ಆರಂಭಿಸಿದ ಬ್ಯಾಂಕ್ ಜೋಡಣೆ ಕಾರ್ಯಕ್ರಮ, 2000-01ರ ಸ್ತ್ರೀಶಕ್ತಿ ಯೋಜನೆ ಹಾಗೂ ನಂತರ ಬಂದ ಸಂಜೀವಿನಿ ಯೋಜನೆ ಉಳಿತಾಯ ಮತ್ತು ಸಾಲವನ್ನು ಹಳ್ಳಿಯ ಮಹಿಳೆಯರ ಅಂಗಳಕ್ಕೆ ತಂದವು.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು ಈ ದಾರಿಯಲ್ಲಿ ಗಮನಾರ್ಹ ಉದಾಹರಣೆ. 2018ರಲ್ಲಿ ಆರಂಭವಾದ ಈ ಸಂಘವು ಸಿರಿಧಾನ್ಯಗಳ ಸಮುದಾಯ ಬೀಜ ಬ್ಯಾಂಕ್ ಕಟ್ಟಿ, ಮಿಶ್ರ ಬೆಳೆ ಪದ್ಧತಿಯನ್ನು ಪ್ರೋತ್ಸಾಹಿಸಿ, ಸಂಸ್ಕರಣಾ ಘಟಕವನ್ನೂ ನಡೆಸುತ್ತಿದೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಇದಕ್ಕೆ ಸಂದಿತು. ಬೀಜ, ಬೆಳೆ, ಸಂಸ್ಕರಣೆ ಮೂರೂ ಮಹಿಳೆಯರ ಕೈಯಲ್ಲಿಯೇ ಇರುವುದು ಇಲ್ಲಿ ಕಲಿಯಬೇಕಾದ ಅಂಶ. ಸಿರಿಧಾನ್ಯದ ಸಿಪ್ಪೆ ಬಿಡಿಸುವ ಕಷ್ಟವೇ ಆ ಬೆಳೆಗಳು ಹಿಂದೆ ಸರಿಯಲು ಒಂದು ಕಾರಣವಾಗಿತ್ತು. ಊರಿನಲ್ಲಿಯೇ ಸಂಸ್ಕರಣೆ ಸಾಧ್ಯವಾದಾಗ ಆ ಶ್ರಮವೂ ತಗ್ಗುತ್ತದೆ, ಮೌಲ್ಯವೂ ಊರಿನಲ್ಲಿ ಉಳಿಯುತ್ತದೆ.

ಸಾಲದ ವಿಷಯದಲ್ಲಿ ವಿವೇಚನೆ ಬೇಕು. ಸಂಘದಿಂದ ಅಥವಾ ಮೈಕ್ರೋ ಫೈನಾನ್ಸ್ ಸಂಸ್ಥೆಯಿಂದ ಮಹಿಳೆಯ ಹೆಸರಿನಲ್ಲಿ ಸಾಲ ಪಡೆದು, ಪತಿಯ ಹೆಸರಿನ ಜಮೀನಿನಲ್ಲಿ ಕೊಳವೆಬಾವಿ ಕೊರೆಸುವುದು ಅಥವಾ ಹಳೆಯ ಕೈಸಾಲ ತೀರಿಸುವುದು ಹಲವೆಡೆ ನಡೆಯುತ್ತಿದೆ. ಆಗ ಆಸ್ತಿ ಒಬ್ಬರದು, ಕಂತು ಇನ್ನೊಬ್ಬರದು. ವಾರದ ಕಂತಿಗೆ ಉತ್ತರಿಸಬೇಕಾದವಳು ಆಕೆ. ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡುವ ಸುಳಿಗೆ ಸಿಲುಕುವವಳೂ ಆಕೆಯೇ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆಯಾದರೂ, ಸಾಲದ ಉದ್ದೇಶವನ್ನು ಮೊದಲೇ ವಿಚಾರಿಸಿಕೊಳ್ಳುವುದು ಉತ್ತಮ ರಕ್ಷಣೆ. ಈ ಮೂರು ನಿಯಮಗಳನ್ನು ಪಾಲಿಸಿ:

1. ಯಾರ ಹೆಸರಿನಲ್ಲಿ ಸಾಲವೋ, ಅದರಿಂದ ಕೊಂಡ ಆಸ್ತಿಯೂ ಅವರ ಹೆಸರಿನಲ್ಲಿರಲಿ.
2. ಕಂತಿನ ಅವಧಿಯು ಆದಾಯ ಬರುವ ಅವಧಿಗೆ ಹೊಂದಿಕೆಯಾಗಲಿ. ಹೈನುಗಾರಿಕೆಗೆ ತಿಂಗಳ ಕಂತು ಸರಿ. ಬೆಳೆಗೆ ಸುಗ್ಗಿಯ ನಂತರದ ಮರುಪಾವತಿ ಸರಿ.
3. ಬೆಳೆಗೆ ಬೇಕಾದ ಹಣವನ್ನು ಹೆಚ್ಚಿನ ಬಡ್ಡಿಯ ಕಿರುಸಾಲದಿಂದ ತರಬೇಡಿ. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷ ರೂ.ವರೆಗೆ ಬಡ್ಡಿರಹಿತ ಅಲ್ಪಾವಧಿ ಬೆಳೆ ಸಾಲಕ್ಕೆ ಅವಕಾಶವಿದೆ. ಮೊದಲು ಅದನ್ನು ವಿಚಾರಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಮಹಿಳೆಯರಿಗೂ ಪುರುಷರಷ್ಟೇ ಉತ್ಪಾದನಾ ಸಂಪನ್ಮೂಲಗಳು ದೊರೆತರೆ ಅವರ ಹೊಲಗಳ ಇಳುವರಿ ಶೇ. 20ರಿಂದ 30ರಷ್ಟು ಹೆಚ್ಚಬಲ್ಲದು ಎಂದು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು 2011ರ ವರದಿಯಲ್ಲಿ ಅಂದಾಜಿಸಿದೆ. ತಾಂತ್ರಿಕ ಮಾಹಿತಿಯೂ ಅಂತಹ ಒಂದು ಸಂಪನ್ಮೂಲ. ಅದು ಕೆಲಸ ಮಾಡುವವರಿಗೆ ನೇರವಾಗಿ ತಲುಪಬೇಕು.

• ತರಬೇತಿಯನ್ನು ಮಹಿಳೆಯರಿಗೆ ಬಿಡುವಿರುವ ವೇಳೆಯಲ್ಲಿ, ಅವರ ಊರಿನಲ್ಲಿಯೇ ನಡೆಸಿ. ಹಾಲು ಕರೆಯುವ ಮತ್ತು ಅಡುಗೆಯ ಸಮಯವನ್ನು ತಪ್ಪಿಸಿ. ಮಕ್ಕಳನ್ನು ಕರೆತರಲು ಅವಕಾಶವಿರಲಿ.
• ಬೀಜೋಪಚಾರ, ಕಳೆ ನಿರ್ವಹಣೆ, ದಾಸ್ತಾನು ಮುಂತಾಗಿ ಮಹಿಳೆಯರು ಮಾಡುವ ಕೆಲಸಗಳ ಪ್ರಾತ್ಯಕ್ಷಿಕೆಗೆ ಮಹಿಳೆಯರನ್ನೇ ಕರೆಯಿರಿ. ಅವರನ್ನು ಟೈಲರಿಂಗ್ ಮತ್ತು ಉಪ್ಪಿನಕಾಯಿ ತರಬೇತಿಗೆ ಮಾತ್ರ ಸೀಮಿತಗೊಳಿಸಬೇಡಿ. ಮಣ್ಣು ಪರೀಕ್ಷೆ, ಗೊಬ್ಬರದ ಪ್ರಮಾಣ, ಕೀಟ ಗುರುತಿಸುವಿಕೆ ಅವರಿಗೂ ಬೇಕು.
• ಫಲಾನುಭವಿಗಳ ಪಟ್ಟಿಯಲ್ಲಿ ಮಹಿಳೆಯ ಹೆಸರಿದ್ದರಷ್ಟೇ ಸಾಲದು. ಆರು ತಿಂಗಳ ನಂತರ ಭೇಟಿ ನೀಡಿ, ಉಪಕರಣವನ್ನು ಬಳಸುತ್ತಿರುವವರು ಯಾರು, ಹಣ ಯಾವ ಖಾತೆಗೆ ಬರುತ್ತಿದೆ ಎಂದು ಪರಿಶೀಲಿಸಿ.
• ಕೃಷಿ ಸಖಿ ಮತ್ತು ಪಶು ಸಖಿಯರನ್ನು ಗ್ರಾಮಮಟ್ಟದ ಸಂಪರ್ಕ ಕೊಂಡಿಯಾಗಿ ಬಳಸಿಕೊಳ್ಳಿ.
• ಪತಿ, ಅತ್ತೆ, ಮಾವಂದಿರನ್ನು ಹೊರಗಿಟ್ಟು ನಡೆಸುವ ಕಾರ್ಯಕ್ರಮ ಬಹುಕಾಲ ನಿಲ್ಲುವುದಿಲ್ಲ. ಲೆಕ್ಕದ ಸಭೆಗೆ ಇಡೀ ಕುಟುಂಬವನ್ನು ಕರೆಯಿರಿ. ಆಕೆಯ ಹೆಸರಿನ ದಾಖಲೆಯು ಸಂಕಷ್ಟದ ಕಾಲದಲ್ಲಿ ಇಡೀ ಮನೆಯನ್ನು ಕಾಯುತ್ತದೆ ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡಿ.

ಕುಟುಂಬಗಳು ಈ ವರ್ಷವೇ ಕೈಗೊಳ್ಳಬಹುದಾದ ಕ್ರಮಗಳು

1. ಪಹಣಿಯ ಇತ್ತೀಚಿನ ಪ್ರತಿ ತೆಗೆಸಿ, ಅದರಲ್ಲಿ ಯಾರ ಹೆಸರಿದೆ ಎಂದು ನೋಡಿ. ಮೃತರ ಹೆಸರಿದ್ದರೆ ತಡಮಾಡದೆ ಪೌತಿ ಖಾತೆಗೆ ಅರ್ಜಿ ಸಲ್ಲಿಸಿ.
2. ಮನೆಯ ಮಹಿಳೆಯ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ. ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಮೊಬೈಲ್ ಆಕೆಯ ಬಳಿಯೇ ಇರಲಿ.
3. ಹಾಲು ಸಂಘದ ಸದಸ್ಯತ್ವವನ್ನು ರಾಸು ನೋಡಿಕೊಳ್ಳುವವರ ಹೆಸರಿಗೆ ವರ್ಗಾಯಿಸಿ.
4. ಪತ್ನಿಯ ಹೆಸರನ್ನು ಬ್ಯಾಂಕ್ ಖಾತೆ, ವಿಮೆ ಮತ್ತು ಸಹಕಾರ ಸಂಘದಲ್ಲಿ ನಾಮನಿರ್ದೇಶನ ಮಾಡಿ. ಮನೆಯ ಸಾಲಗಳೆಷ್ಟು, ಯಾರಿಂದ ಎಂಬುದು ದಂಪತಿ ಇಬ್ಬರಿಗೂ ತಿಳಿದಿರಲಿ.
5. ಹಂಗಾಮಿಗೆ ಮೊದಲು ಬೆಳೆ ಯೋಜನೆಯನ್ನು ಇಬ್ಬರೂ ಕುಳಿತು ಬರೆಯಿರಿ. ಯಾವ ಬೆಳೆಯ ಹಣ ಯಾರ ಖಾತೆಗೆ ಎಂಬುದನ್ನೂ ಅದರಲ್ಲಿ ನಮೂದಿಸಿ.
6. ಸುಗ್ಗಿಯ ನಂತರ ಆದಾಯ, ಖರ್ಚು ಮತ್ತು ದುಡಿದ ಗಂಟೆಗಳನ್ನು ಒಟ್ಟಿಗೆ ಲೆಕ್ಕ ಹಾಕಿ ಮುಂದಿನ ವರ್ಷದ ತೀರ್ಮಾನ ಕೈಗೊಳ್ಳಿ.

ಸಮಾರೋಪ

ವಿಶ್ವಸಂಸ್ಥೆಯು 2026ನೇ ವರ್ಷವನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿದೆ. ಅಕ್ಟೋಬರ್ 15ನ್ನು ನಮ್ಮ ದೇಶದಲ್ಲಿ ಮಹಿಳಾ ಕಿಸಾನ್ ದಿನವಾಗಿ ಆಚರಿಸಲಾಗುತ್ತದೆ. ಇಂತಹ ಆಚರಣೆಗಳು ಅರಿವು ಮೂಡಿಸುತ್ತವೆ. ಆದರೆ ಬದಲಾವಣೆ ಆಗಬೇಕಾದುದು ಪಹಣಿಯ ಕಾಲಂನಲ್ಲಿ, ಹಾಲಿನ ಪಾಸ್‌ಬುಕ್ಕಿನಲ್ಲಿ ಮತ್ತು ಮನೆಯೊಳಗಿನ ತೀರ್ಮಾನಗಳಲ್ಲಿ. ಇವುಗಳಲ್ಲಿ ಹಲವು ಕ್ರಮಗಳಿಗೆ ಹೆಚ್ಚಿನ ಹಣ ಬೇಕಿಲ್ಲ. ಒಂದು ಅರ್ಜಿ, ಒಂದು ಸಹಿ ಹಾಗೂ ಕುಟುಂಬದ ಒಪ್ಪಿಗೆ ಸಾಕು. ಬೆಳೆ ಯೋಜನೆ, ಬೀಜ ಸಂರಕ್ಷಣೆ, ಶ್ರಮ ತಗ್ಗಿಸುವ ಉಪಕರಣಗಳು ಮತ್ತು ಮೌಲ್ಯವರ್ಧನೆಯ ತರಬೇತಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು, ಯೋಜನೆಗಳ ಅರ್ಜಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.